ಪಾಯಿಂಟ್ಸ್ ಉಳಿಸಿಕೊಳ್ಳುವುದೋ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದೋ?

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ಹಳೆಯ ಕಾರಿನ ಪಾಯಿಂಟ್ಸ್ (ಕಿಡಿ ಹುಟ್ಟಿಸಲು ವಿದ್ಯುತ್ತನ್ನು ಜೋಡಿಸಿ ಕಡಿಯುವ ಪುಟ್ಟ ಸ್ವಿಚ್) ತೆಗೆದು, ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಕಿಟ್ ಅಳವಡಿಸುವ ಮೊದಲು, ಸಿಲಿಂಡರುಗಳಿಗೆ ಕಿಡಿಯ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಶಾಫ್ಟನ್ನು ಅಡ್ಡಲಾಗಿ ಅಲುಗಾಡಿಸಿ ನೋಡಬೇಕೆಂದು ಕೋರುತ್ತೇನೆ. ಶಾಫ್ಟನ್ನು ಹಿಡಿದಿಡುವ ಬುಷ್ ಸವೆದು ಅದು ಆಡುತ್ತಿದ್ದರೆ, ಅನೇಕ ಕಾರುಗಳಲ್ಲಿ 0.35ರಿಂದ 0.40 ಮಿಲಿಮೀಟರಿನಷ್ಟಿರುವ ಪಾಯಿಂಟ್ಸ್ ಅಂತರವು ಸ್ಥಿರವಾಗಿ ನಿಲ್ಲದೆ, ಕಿಡಿಯ ಸಮಯ ಒಂದೊಂದು ಸಿಲಿಂಡರಿಗೆ ಒಂದೊಂದು ಬಗೆಯಾಗುತ್ತದೆ. ಅಯಸ್ಕಾಂತದ ಉಂಗುರ ಮತ್ತು ಅದರ ಕಾಂತಕ್ಷೇತ್ರವನ್ನು ಗುರುತಿಸುವ ಹಾಲ್ ಸಂವೇದಕವಿರುವ ಕಿಟ್ ಈ ಸವೆತವನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆಯಾದರೂ, ತುಕ್ಕು ಹಿಡಿದ ಅಡ್ವಾನ್ಸ್ ತೂಕಗಳನ್ನೋ (ಎಂಜಿನ್ ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚಿತಗೊಳಿಸುವವು) ಸಡಿಲಗೊಂಡ ಸ್ಪ್ರಿಂಗುಗಳನ್ನೋ ಸರಿಪಡಿಸಲಾರದು. ಆದ್ದರಿಂದ ಕಿಟ್ ಹಾಕಿದ ಮೇಲೂ ಟೈಮಿಂಗ್ ಲೈಟ್ (ಕಿಡಿಯ ಸಮಯ ತೋರಿಸುವ ಮಿನುಗುದೀಪ) ಹಿಡಿದು ಪರೀಕ್ಷಿಸಲೇಬೇಕು.

ಕೊಳ್ಳುವಾಗ ನಿಮ್ಮ ಕಾರಿನ ಅರ್ತ್ (ಲೋಹದ ಮೈಗೆ ಸೇರಿಸಿದ ಬ್ಯಾಟರಿಯ ತುದಿ) ಪಾಸಿಟಿವ್ ಆಗಿದೆಯೋ ನೆಗೆಟಿವ್ ಆಗಿದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ತಂತಿಗಳು ಅದಲುಬದಲಾದರೆ ಕಿಟ್ಟಿನ ಎಲೆಕ್ಟ್ರಾನಿಕ್ ಮಾಡ್ಯೂಲ್ ಕ್ಷಣದಲ್ಲಿ ಸುಟ್ಟುಹೋಗಬಹುದು. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲಿನ ರೋಧವು ಕಿಟ್ ತಯಾರಕರು ಸೂಚಿಸಿದ ಮಿತಿಗಿಂತ ಕಡಿಮೆಯಿರಬಾರದು. ಎಂಜಿನ್ ನಿಂತಿರುವಾಗ ಇಗ್ನಿಷನ್ ಆನ್ ಮಾಡಿಟ್ಟು ರೇಡಿಯೊ ಕೇಳುವ ಅಭ್ಯಾಸವನ್ನೂ ಬಿಡಬೇಕಾಗುತ್ತದೆ. (ಪಾಯಿಂಟ್ಸಿಗೂ ಅದು ಒಳ್ಳೆಯದೇನಲ್ಲ.)

ಪಾಯಿಂಟ್ಸ್ ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟು ಕೆಡುತ್ತವೆ, ರಸ್ತೆಬದಿಯಲ್ಲೇ ಉಜ್ಜಿ, ಅಂತರ ಸರಿಪಡಿಸಿ ಮುಂದೆ ಹೋಗಬಹುದು. ಮಾಡ್ಯೂಲ್ ಕೆಡುವುದು ಹೆಚ್ಚಾಗಿ ಹಠಾತ್ತನೆ, ಅದಕ್ಕೆ ರಿಪೇರಿಯೂ ಇಲ್ಲ. ಹೀಗಾಗಿ ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಹೊರಬರುವ ಕಾರಿಗೆ ಪಾಯಿಂಟ್ಸೇ ಸಾಕೆಂಬುದು ನನ್ನ ಅಭಿಪ್ರಾಯ. ನಿತ್ಯ ಓಡಿಸುವವರು ಕಿಟ್ ಹಾಕಿಸಿಕೊಳ್ಳಲಿ, ಆದರೆ ತೆಗೆದ ಪಾಯಿಂಟ್ಸ್, ಅವುಗಳ ಜೊತೆಯ ಕಂಡೆನ್ಸರ್ ಹಾಗೂ ಅಂತರ ಅಳೆಯುವ ಫೀಲರ್ ಗೇಜನ್ನು ಡಿಕ್ಕಿಯಲ್ಲೇ ಇಟ್ಟುಕೊಳ್ಳಲಿ.