ಏನು ಕೊಟ್ಟಿದ್ದಿರಿ ಅಂತ ಹೇಳಿ: ಅಮೆರಿಕದ ಕಾಂಗ್ರೆಸ್‌ನಲ್ಲಿರುವ (ಅಲ್ಲಿನ ಸಂಸತ್ತು) ನಮ್ಮ ಪ್ರತಿನಿಧಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಮೇರಿಲ್ಯಾಂಡ್‌ನ ಹಾರ್ಫರ್ಡ್ ಕೌಂಟಿಯಲ್ಲಿರುವ ನಿಮ್ಮ ಮತದಾರ. ಹಾಸನ ಜಿಲ್ಲೆಯಿಂದ ಬಂದವನು. ಈ ಪತ್ರದ ಇಂಗ್ಲಿಷ್ ಪ್ರತಿ ಈಗಾಗಲೇ ನಿಮ್ಮ ಕಚೇರಿಗೆ ಹೋಗಿದೆ. ಕನ್ನಡದಲ್ಲೂ ಬರೆಯುವುದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ.

ಬಾಲ್ಟಿಮೋರ್‌ಗೆ ಕೆಲಸಕ್ಕೆ ಹೋಗಲು ಎಡ್ಜ್‌ವುಡ್ ಸ್ಟೇಷನ್ನಿನಲ್ಲಿ ಮಾರ್ಕ್ ರೈಲು ಹತ್ತುತ್ತೇನೆ. ಪಕ್ಕದಲ್ಲೇ ಅಮೆರಿಕ ಸೈನ್ಯದ ಜಾಗ, ಎಡ್ಜ್‌ವುಡ್ ಆರ್ಸೆನಲ್. ಎಷ್ಟೋ ವರ್ಷ ಆ ಬೇಲಿಯನ್ನು ಸುಮ್ನೆ ನೋಡಿಕೊಂಡು ಹೋಗಿದ್ದೇನೆ. ಅದರ ಆಚೆ 1955ರಿಂದ 1975ರವರೆಗೆ ಸುಮಾರು 7 ಸಾವಿರ ಸೈನಿಕರ ಮೇಲೆ 250ಕ್ಕೂ ಹೆಚ್ಚು ರಾಸಾಯನಿಕಗಳನ್ನು ಪ್ರಯೋಗಿಸಿದರು ಅಂತ ಗೊತ್ತಾದ ಮೇಲೆ ಹಾಗೆ ನೋಡಲು ಆಗುತ್ತಿಲ್ಲ. ಸಾರಿನ್, ವಿಎಕ್ಸ್‌ನಂಥ ನರವಿಷ. ಇಲ್ಲದ್ದು ಕಾಣಿಸುವಂತೆ ಮಾಡುವ ಮಾದಕ ವಸ್ತು ಎಲ್‌ಎಸ್‌ಡಿ. ಬಿಜೆಡ್ ಅನ್ನುವ ಇನ್ನೊಂದು ವಸ್ತು, ಕೊಟ್ಟರೆ ಮೂರು ದಿನ ಮನುಷ್ಯನಿಗೆ ತಾನೆಲ್ಲಿದ್ದೇನೆ ಅನ್ನುವುದೇ ತಿಳಿಯದು. ಶತ್ರುವನ್ನು ಕೊಲ್ಲದೆ ಬುದ್ಧಿಗೆಡಿಸಬಹುದಾ ಅಂತ ನೋಡಲು ತಮ್ಮ ಹುಡುಗರ ಬುದ್ಧಿಯನ್ನೇ ಕೆಡಿಸಿದರು.

ಜೇಮ್ಸ್ ಸ್ಟ್ಯಾನ್ಲಿ ಅವರ ಕಥೆ ನಿಮಗೆ ಗೊತ್ತಿರಬಹುದು. ಫೋರ್ಟ್ ನಾಕ್ಸ್‌ನಲ್ಲಿದ್ದ ಸಾರ್ಜೆಂಟ್. ರಾಸಾಯನಿಕ ದಾಳಿಯಿಂದ ಕಾಪಾಡುವ ಬಟ್ಟೆಗಳ ಪರೀಕ್ಷೆ ಅಂತ ಹೇಳಿದ್ದನ್ನು ನಂಬಿ 1958ರಲ್ಲಿ ಇಲ್ಲಿಗೆ ಬಂದರು. ಅವರಿಗೆ ಗೊತ್ತಿಲ್ಲದಂತೆ ಎಲ್‌ಎಸ್‌ಡಿ ಕೊಟ್ಟರು. ಆಮೇಲೆ ಏನೇನೋ ಕಾಣುವುದು, ಮರೆವು. ಕೆಲವು ಸಲ ರಾತ್ರಿ ನಿದ್ದೆಯಿಂದ ಎದ್ದು ಹೆಂಡತಿ ಮಕ್ಕಳನ್ನು ಹೊಡೆಯುತ್ತಿದ್ದರಂತೆ. ಆಮೇಲೆ ಅದರ ನೆನಪೇ ಇರುತ್ತಿರಲಿಲ್ಲ. ಕೊನೆಗೆ ಸಂಸಾರ ಮುರಿಯಿತು. 1975ರ ಡಿಸೆಂಬರ್‌ನಲ್ಲಿ ಸೈನ್ಯದಿಂದ ಒಂದು ಕಾಗದ ಬಂತು. ಎಲ್‌ಎಸ್‌ಡಿಯ ಪರಿಣಾಮ ತಿಳಿಯಲು, 1958ರ ಪ್ರಯೋಗಕ್ಕೆ ಒಪ್ಪಿ ಬಂದಿದ್ದವರು ಸಹಕರಿಸಬೇಕು ಅಂತ ಅದರಲ್ಲಿ ಬರೆದಿತ್ತು. ತನಗೆ ಏನು ಕೊಟ್ಟಿದ್ದರು ಅಂತ ಅವರಿಗೆ ಗೊತ್ತಾದದ್ದೇ ಆ ಕಾಗದದಿಂದ. 17 ವರ್ಷ ಆ ಮನುಷ್ಯ ತಪ್ಪೆಲ್ಲ ತನ್ನದೇ ಅಂದುಕೊಂಡು ಬದುಕಿರಬೇಕು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವರು ಕೋರ್ಟಿಗೆ ಹೋದರು. 1987ರಲ್ಲಿ ಸುಪ್ರೀಂ ಕೋರ್ಟ್ 5-4ರ ತೀರ್ಪಿನಲ್ಲಿ ಪರಿಹಾರ ಕೇಳುವ ದಾರಿ ಮುಚ್ಚಿತು. ಸೇವೆಯಲ್ಲಿದ್ದಾಗ ಆದ ಹಾನಿಗೆ ಸೈನಿಕ ಸರ್ಕಾರದ ಮೇಲೆ ದಾವೆ ಹಾಕುವಂತಿಲ್ಲ ಅನ್ನುವ 1950ರ ಫೆರೆಸ್ ತೀರ್ಪು ಅಡ್ಡ ಬಂತು. ಅವರಿಗೆ ಹಣ ಸಿಕ್ಕಿದ್ದು 1990ರ ದಶಕದಲ್ಲಿ, ಕಾಂಗ್ರೆಸ್ ಅವರೊಬ್ಬರಿಗಾಗಿ ಕಾನೂನು ಮಾಡಿದ ಮೇಲೆ. ಅಂದರೆ ನೀವು ಮನಸ್ಸು ಮಾಡಿದರೆ ಆಗುತ್ತದೆ. ಉಳಿದವರಿಗೆ ಯಾಕೆ ಆಗಬಾರದು?

ಈಗ ಕನ್ನಡದ ಮಾತು. ನಮ್ಮ ಜನರ ವಾಟ್ಸಾಪ್‌ನಲ್ಲಿ ‘ಸೈನಿಕರ ತಲೆಯಲ್ಲಿ ಚಿಪ್’, ‘ಅಮೆರಿಕದ ಮೈಂಡ್ ಕಂಟ್ರೋಲ್’ ಅಂತ ವಿಡಿಯೊಗಳು ಜಾಸ್ತಿ ಓಡಾಡುತ್ತವೆ. ಅವನ್ನು ನೋಡಿ ಇದೆಲ್ಲ ಕಟ್ಟುಕಥೆ ಅಂತ ತಳ್ಳಿಹಾಕುವವರೇ ಬಹಳ. ನಿಜವಾಗಿ ನಡೆದದ್ದು ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1953ರಲ್ಲಿ ಎಂಕೆ-ಅಲ್ಟ್ರಾ ಅನ್ನುವ, ಮನುಷ್ಯನ ಮನಸ್ಸನ್ನು ಹಿಡಿತಕ್ಕೆ ತರುವ ಪ್ರಯೋಗಗಳ ಗುಪ್ತ ಯೋಜನೆ ಶುರು ಮಾಡಿದ್ದು ನಿಜ. 1973ರಲ್ಲಿ ಸಿಐಎ ಮುಖ್ಯಸ್ಥ ರಿಚರ್ಡ್ ಹೆಲ್ಮ್ಸ್ ಆ ಕಡತಗಳನ್ನು ನಾಶ ಮಾಡಿಸಿದ್ದೂ ನಿಜ. ಹಣಕಾಸಿನ ಕಡತಗಳ ನಡುವೆ ಉಳಿದಿದ್ದ ಸಾವಿರಾರು ಪುಟ ಸಿಕ್ಕಿದ್ದರಿಂದಲೇ 1977ರ ಸೆನೆಟ್ ವಿಚಾರಣೆಯಲ್ಲಿ ಅಷ್ಟಾದರೂ ಹೊರಬಂತು. ಕಾಗದ ಸುಟ್ಟರೆ ಜನ ಊಹೆ ಮಾಡುತ್ತಾರೆ. ಆ ಊಹೆಗಳಿಗೆ ಜನರನ್ನು ಬಯ್ಯುವ ಮನಸ್ಸು ನನಗಿಲ್ಲ.

‘ಅವರೇ ಒಪ್ಪಿ ಬಂದಿದ್ದರಲ್ಲ’ ಅನ್ನುವ ಮಾತು ಸೈನ್ಯದವರ ಬಾಯಲ್ಲಿ ಇನ್ನೂ ಇದೆ. ನಮ್ಮಪ್ಪ ಭಾರತದ ಸೈನ್ಯದಲ್ಲಿ 20 ವರ್ಷ ಇದ್ದವರು. ಸೂಜಿ ಹಾಕುವ ದಿನ ಸಾಲಾಗಿ ನಿಂತು ಅಂಗಿಯ ತೋಳು ಮಡಚಿ ಕೈ ಚಾಚುತ್ತಿದ್ದರಂತೆ. ಅದು ಯಾವ ಸೂಜಿ ಅಂತ ಒಬ್ಬರೂ ಕೇಳಿದ್ದಿಲ್ಲ. ‘ಕೇಳೋದು ಏನು, ಕೊಡೋರು ನಮ್ಮೋರೇ ಅಲ್ವಾ?’ ಅನ್ನುತ್ತಿದ್ದರು. ಸೈನಿಕನ ಒಪ್ಪಿಗೆ ಅಂದರೆ ಇಂಥ ನಂಬಿಕೆ. ಏನು ಅಂತ ಹೇಳದೆ ಪಡೆದ ಸಹಿಯನ್ನು ಒಪ್ಪಿಗೆ ಅನ್ನಲು ನನಗಂತೂ ನಾಲಿಗೆ ಬರುವುದಿಲ್ಲ.

ಅಪ್ಪನಿಗಿಂತ ಹಿಂದಿನ ತಲೆಮಾರಿನವರಿಗೆ ಇದೇ ಆಗಿತ್ತು. 1930ರ ದಶಕದಿಂದ ಎರಡನೇ ಮಹಾಯುದ್ಧದವರೆಗೆ ರಾವಲ್ಪಿಂಡಿಯಲ್ಲಿ ಬ್ರಿಟನ್ನಿನ ರಾಸಾಯನಿಕ ಅಸ್ತ್ರಗಳ ಸಂಶೋಧನಾ ಕೇಂದ್ರವಾದ ಪೋರ್ಟನ್ ಡೌನ್‌ನ ವಿಜ್ಞಾನಿಗಳು ನೂರಾರು ಭಾರತೀಯ ಸೈನಿಕರನ್ನು ಮಸ್ಟರ್ಡ್ ಗ್ಯಾಸಿಗೆ ಒಡ್ಡಿದರು. ಕೆಲವರು ಚಡ್ಡಿ, ಹತ್ತಿ ಅಂಗಿಯಲ್ಲಿ ಗ್ಯಾಸ್ ಕೋಣೆಗೆ ಹೋದರು. ಬಿಳಿಯರ ಚರ್ಮಕ್ಕಿಂತ ನಮ್ಮವರ ಚರ್ಮ ಜಾಸ್ತಿ ಸುಡುತ್ತದಾ ಅಂತ ನೋಡಬೇಕಿತ್ತಂತೆ. ಅದೇ ಪೋರ್ಟನ್ ಡೌನ್‌ನಲ್ಲಿ 1953ರಲ್ಲಿ ತೋಳಿನ ಮೇಲೆ ಸಾರಿನ್ ಹನಿಸಿಕೊಂಡು ಸತ್ತ 20 ವರ್ಷದ ರೊನಾಲ್ಡ್ ಮ್ಯಾಡಿಸನ್‌ಗೆ 51 ವರ್ಷದ ಮೇಲೆ, 2004ರಲ್ಲಿ, ‘ಕಾನೂನುಬಾಹಿರ ಹತ್ಯೆ’ ಅನ್ನುವ ತೀರ್ಮಾನವಾದರೂ ಸಿಕ್ಕಿತು. ರಾವಲ್ಪಿಂಡಿಯವರಲ್ಲಿ ಈಗ ಕೇಳಲು ಯಾರೂ ಬದುಕಿರಲಾರರು. ಎಡ್ಜ್‌ವುಡ್‌ನವರಲ್ಲಿ ಇನ್ನೂ ಬದುಕಿರುವವರು ಇದ್ದಾರೆ. ಎಲ್ಲರಿಗೂ 70, 80 ದಾಟಿದೆ. ನನಗಿರುವ ಆತುರ ಅದೇ.

ಈ ಸೈನಿಕರು 2009ರಲ್ಲಿ ದಾವೆ ಹೂಡಿದ್ದರು. 2015ರಲ್ಲಿ ಮೇಲ್ಮನವಿ ಕೋರ್ಟ್, ಅವರಿಗೆ ಮಾಹಿತಿ ಕೊಡುವುದೂ ಚಿಕಿತ್ಸೆ ಕೊಡುವುದೂ ಸೈನ್ಯದ ಕರ್ತವ್ಯ ಅಂತ ಹೇಳಿತು. ಒಳ್ಳೆಯದೇ. ಆದರೆ ಚಿಕಿತ್ಸೆ ಬೇಕಾದವನು ತಾನೇ ಅರ್ಜಿ ಹಾಕಬೇಕು, ತನ್ನ ಕಾಯಿಲೆ ಆ ಪ್ರಯೋಗದಿಂದಲೇ ಬಂದಿದ್ದು ಅಂತ ಹೇಳಬೇಕು. ಏನು ಕೊಟ್ಟಿದ್ದರು ಅಂತಲೇ ಗೊತ್ತಿಲ್ಲದ 80 ವರ್ಷದ ಮುದುಕ ಅದನ್ನು ಹೇಗೆ ಹೇಳಬೇಕು?

ನಾನು ಕೇಳುವುದು ಇಷ್ಟು. ಬದುಕಿರುವ ಪ್ರತಿಯೊಬ್ಬರಿಗೂ, ತೀರಿಹೋದವರ ಹೆಂಡತಿ ಮಕ್ಕಳಿಗೂ, ಅವರು ಕೇಳುವ ಮೊದಲೇ ಅವರವರ ಪ್ರಯೋಗದ ಪೂರ್ತಿ ದಾಖಲೆ ಕಳಿಸುವಂತೆ ಕಾನೂನು ತನ್ನಿ: ಯಾವ ತಾರೀಕು, ಯಾವ ವಸ್ತು, ಎಷ್ಟು ಪ್ರಮಾಣ. ದಾಖಲೆ ಸಿಗದಿದ್ದರೆ ಆ ಅನುಮಾನದ ಲಾಭ ಸೈನಿಕನಿಗೇ ಹೋಗಲಿ. ಮತ್ತೆ, ತಿಳಿಸದೆ ಮಾಡಿದ ಪ್ರಯೋಗಗಳನ್ನು ಫೆರೆಸ್ ತೀರ್ಪಿನಿಂದ ಹೊರಗಿಡಿ. 2019ರಲ್ಲಿ ಸೈನ್ಯದ ಆಸ್ಪತ್ರೆಗಳಲ್ಲಿ ಆಗುವ ವೈದ್ಯಕೀಯ ತಪ್ಪಿಗೆ ಪರಿಹಾರ ಕೇಳುವ ದಾರಿಯನ್ನು ಕಾಂಗ್ರೆಸ್ಸೇ ತೆರೆಯಿತಲ್ಲ. ಇದಕ್ಕೂ ತೆರೆಯಿರಿ.

ಎಡ್ಜ್‌ವುಡ್ ನಿಮ್ಮ ಕ್ಷೇತ್ರದಲ್ಲೇ ಇದೆ, ಅದಕ್ಕೇ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ. ನೀವು ಕೊಡುವ ಉತ್ತರವನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದು ಇಲ್ಲೇ ಹಾಕುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ, ಒಬ್ಬ ಸೈನಿಕನ ಮಗ