ಕಥೆಯ ಕೊನೆಯನ್ನು ಮಕ್ಕಳಿಗೆ ಬಿಟ್ಟುಕೊಡಿ

ಪ್ರೀತಿಯ ಪೋಷಕರೇ,

ಆರು ಮತ್ತು ಏಳನೆಯ ತರಗತಿಯ ಮಕ್ಕಳು ಈ ತಿಂಗಳು ಮನೆಗೆ ತರುತ್ತಿರುವ ಕಥೆಗಳನ್ನು ನೋಡಿ, "ಜೆರಾಕ್ಸ್ ಮಾಡುವಾಗ ಕೊನೆಯ ಪುಟ ಬಿಟ್ಟುಹೋಗಿದೆಯೇ?" ಎಂದು ನಿಮ್ಮಲ್ಲಿ ಹಲವರು ವಿಚಾರಿಸಿದ್ದೀರಿ. ಪುಟ ಬಿಟ್ಟುಹೋಗಿಲ್ಲ, ಕಥೆ ಇರುವುದೇ ಅಷ್ಟು. ಇಂಥ ಕಥೆಗಳನ್ನು ನಾವು ಬೇಕೆಂದೇ ಆರಿಸಿದ್ದೇವೆ.

ಕಳೆದ ವಾರ ನಾನೇ ಏಳನೆಯ ತರಗತಿಗೆ ಹೋಗಿ, ಪಾಠಕ್ಕೆಂದು ನಾವು ಬರೆದುಕೊಂಡಿದ್ದ ಒಂದು ಪುಟ್ಟ ಕಥೆ ಓದಿದೆ. ಹುಡುಗನೊಬ್ಬ ಅಜ್ಜನ ಕೈಗಡಿಯಾರವನ್ನು ಬೀಳಿಸಿ ಒಡೆಯುತ್ತಾನೆ. ಹೆದರಿ ಅದನ್ನು ಬೀರುವಿನಲ್ಲಿ ಬಟ್ಟೆಗಳ ಅಡಿ ಬಚ್ಚಿಡುತ್ತಾನೆ. ಸಂಜೆ ಅಮ್ಮ ಬೀರುವಿನ ಬಾಗಿಲಿಗೆ ಕೈ ಹಾಕುತ್ತಾಳೆ. ಕಥೆ ಅಲ್ಲಿಗೆ ನಿಲ್ಲುತ್ತದೆ.

ತರಗತಿಯಲ್ಲಿ ಗದ್ದಲವೆದ್ದಿತು. "ಇದು ಮೋಸ!" ಎಂದು ಒಬ್ಬ ಸಿಟ್ಟಾದ. ಅಮ್ಮ ಬೈಯುತ್ತಾಳೆ, ಇಲ್ಲ, ಹುಡುಗ ತಾನೇ ಒಪ್ಪಿಕೊಳ್ಳುತ್ತಾನೆ ಎಂದು ವಾದ ನಡೆಯಿತು. ಆಗ ಸಾಮಾನ್ಯವಾಗಿ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು, "ಅಮ್ಮನಿಗೆ ಮೊದಲೇ ಗೊತ್ತಿತ್ತು" ಎಂದಳು. ಹೇಗೆ ಎಂದು ಕೇಳಿದೆ. "ಗೋಡೆ ಗಡಿಯಾರ ಅವಳ ಎದುರಿಗೇ ಇದೆ. ಆದರೂ ಮಗನನ್ನು ಗಂಟೆ ಎಷ್ಟು ಎಂದು ಕೇಳುತ್ತಾಳಲ್ಲ?" ಎಂದಳು. ಎಲ್ಲರೂ ಪುಟ ತಿರುವಿ ಆ ಸಾಲನ್ನು ಹುಡುಕಿದರು. ಅಮ್ಮ ಕೊನೆಯನ್ನು ಬಿಡಿಸಿ ಹೇಳುವಂತೆ ಬರೆದಿದ್ದರೆ ಒಂದು ಮಗುವೂ ಹಿಂದಿನ ಪುಟಕ್ಕೆ ಮರಳುತ್ತಿರಲಿಲ್ಲ. ನನಗೆ ಬೇಕಾದದ್ದು ಆ ಮರುಓದು.

ರಷ್ಯಾದ ಕಥೆಗಾರ, ವೃತ್ತಿಯಿಂದ ವೈದ್ಯರಾಗಿದ್ದ ಆಂಟನ್ ಚೆಕಾಫ್ 1888ರಲ್ಲಿ ತಮ್ಮ ಪ್ರಕಾಶಕ ಸುವೋರಿನ್ ಅವರಿಗೆ ಬರೆದ ಪತ್ರದಲ್ಲಿ, ಪ್ರಶ್ನೆಯನ್ನು ಬಿಡಿಸುವುದು ಬೇರೆ, ಸರಿಯಾಗಿ ಮುಂದಿಡುವುದು ಬೇರೆ, ಕಲಾವಿದನ ಹೊಣೆ ಎರಡನೆಯದು ಮಾತ್ರ ಎಂಬ ಅರ್ಥದ ಮಾತು ಹೇಳಿದ್ದಾರೆ. ದಿನನಿತ್ಯದ ಬದುಕನ್ನು ಕುರಿತ ಕಥೆಗೆ ಇದು ಇನ್ನಷ್ಟು ಸಲ್ಲುತ್ತದೆ. ಮನೆಯೊಳಗಿನ ಮನಸ್ತಾಪ, ಗೆಳೆಯರ ಮುನಿಸು, ಹೇಳದೆ ಉಳಿದ ತಪ್ಪು, ಇವೆಲ್ಲ ಒಂದು ಸಂಜೆಯಲ್ಲಿ ಇತ್ಯರ್ಥವಾಗುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಹಾಗೆಂದು ನಡುವೆ ನಿಂತದ್ದೆಲ್ಲ ಒಳ್ಳೆಯ ಕಥೆಯಲ್ಲ. ಬರೆದವರಿಗೇ ದಾರಿ ತೋಚದೆ ಕೈಬಿಟ್ಟ ಕಥೆಗಳೂ ಇವೆ, ಅಂಥವನ್ನು ನಾವು ಪಕ್ಕಕ್ಕಿಟ್ಟಿದ್ದೇವೆ. ಊಹಿಸಲು ಬೇಕಾದ ಸುಳಿವು ಕಥೆಯೊಳಗೇ ಇರಬೇಕು.

ಅಂಕಗಳ ಬಗ್ಗೆಯೂ ಕೇಳಿದ್ದೀರಿ. ಮೂವರು ಮೂರು ಬಗೆಯಲ್ಲಿ ಮುಗಿಸಿದರೂ ಮೂವರಿಗೂ ಪೂರ್ಣ ಅಂಕ ಸಿಗಬಹುದು. ತಮ್ಮ ಊಹೆಗೆ ಕಥೆಯ ಯಾವ ಸಾಲು ಆಧಾರ ಎಂದು ಅವರು ತೋರಿಸಬೇಕು, ಅಷ್ಟೇ. ಕಥೆಗೆ ವಿರುದ್ಧವಾದ ಊಹೆಗೆ ಅಂಕವಿಲ್ಲ. ಚಿಕ್ಕ ತರಗತಿಗಳಿಗೆ ಎಂದಿನಂತೆ ಪೂರ್ಣ ಕಥೆಗಳನ್ನೇ ಓದಿಸುತ್ತೇವೆ. ಮಲಗುವ ಮುನ್ನ ಪುಟ್ಟ ಮಗುವಿಗೆ ಎಲ್ಲರೂ ಮನೆ ಸೇರಿದರು ಎಂಬ ನೆಮ್ಮದಿ ಬೇಕು.

ನಿಮ್ಮಿಂದ ನನಗೆ ಆಗಬೇಕಾದ ಸಹಾಯ ಒಂದಿದೆ. "ಮುಂದೇನಾಯಿತು?" ಎಂದು ಮಗು ಕೇಳಿದಾಗ ದಯವಿಟ್ಟು ಉತ್ತರ ಕೊಡಬೇಡಿ, ಮೊಬೈಲಿನಲ್ಲಿ ಹುಡುಕಲೂ ಬಿಡಬೇಡಿ. "ನಿನಗೆ ಏನನ್ನಿಸುತ್ತದೆ? ಯಾವ ಸಾಲು ಓದಿ ಹಾಗನ್ನಿಸಿತು?" ಎಂದು ಕೇಳಿ, ಸುಮ್ಮನೆ ಕಾಯಿರಿ. ಮಗು ಒಂದು ನಿಮಿಷ ಮಾತಾಡದಿದ್ದರೂ ಅವಸರಪಡಿಸಬೇಡಿ.

ಶುಕ್ರವಾರ ಮಕ್ಕಳ ಕಥಾ ಪುಸ್ತಕ ಮನೆಗೆ ಬರುತ್ತದೆ. ಗಡಿಯಾರದ ಕಥೆಯ ಕೆಳಗೆ ಅರ್ಧ ಪುಟ ಮಗುವಿಗೆ, ಉಳಿದರ್ಧ ನಿಮಗೆ. ಮಗು ಬರೆದು ಮುಗಿಸಿದ ಮೇಲೆ ನೀವೂ ಬರೆಯಿರಿ. ಸೋಮವಾರ ಎರಡನ್ನೂ ತರಗತಿಯಲ್ಲಿ ಓದುತ್ತೇವೆ.

ವಿಶ್ವಾಸದೊಂದಿಗೆ,
ಮುಖ್ಯೋಪಾಧ್ಯಾಯಿನಿ