‘ಉಚಿತ ತಂತ್ರಾಂಶ’ ಅಂತ ಬರೆಯಬೇಡಿ

ಮಾನ್ಯ ಸಂಪಾದಕರೇ,

ವಿಂಡೋಸ್‌ನ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಕನ್ನಡದಲ್ಲಿ ಇಂಥವು ಬರುವುದೇ ಕಡಿಮೆ. ಆದರೆ ಫ್ರೀ ಸಾಫ್ಟ್‌ವೇರ್ ಅನ್ನುವುದನ್ನು ಉದ್ದಕ್ಕೂ ‘ಉಚಿತ ತಂತ್ರಾಂಶ’ ಅಂತ ಬರೆದಿದ್ದೀರಿ. ದಯವಿಟ್ಟು ಇದನ್ನು ಬಿಡಿ.

ಒಮ್ಮೆ ಶಾಲೆಯೊಂದಕ್ಕೆ ಹೋಗಿ, ನಿಮ್ಮ ಹಳೇ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿಕೊಡುತ್ತೇನೆ ಅಂದೆ. ‘ಪುಕ್ಕಟೆ ಸಿಗೋದು ಚೆನ್ನಾಗಿರಲ್ಲ, ಬೇಡ’ ಅಂದುಬಿಟ್ಟರು. ಅವರದೇನು ತಪ್ಪು? ಎಲ್ಲರೂ ಹೇಳಿಕೊಟ್ಟಿದ್ದೇ ಹಾಗೆ.

ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ, ಕಂಪ್ಯೂಟರ್ ನಡೆಸುವ ಇಡೀ ವ್ಯವಸ್ಥೆಯನ್ನೇ ಫ್ರೀ ಸಾಫ್ಟ್‌ವೇರ್ ಆಗಿ ಕಟ್ಟುವ ಗ್ನೂ ಯೋಜನೆ ಪ್ರಕಟಿಸಿದಾಗ ಅವರ ತಲೆಯಲ್ಲಿದ್ದದ್ದು ದುಡ್ಡಲ್ಲ. ಸಾಫ್ಟ್‌ವೇರನ್ನು ಬೇಕಾದ ಹಾಗೆ ಬಳಸುವ, ಒಳಗೇನಿದೆ ಅಂತ ನೋಡಿ ತಿದ್ದುವ, ಇದ್ದದ್ದನ್ನೂ ತಿದ್ದಿದ್ದನ್ನೂ ಇನ್ನೊಬ್ಬರಿಗೆ ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು ಅನ್ನುವುದು ಅವರ ಹಟ. ಅವರೇ ಇಮ್ಯಾಕ್ಸ್ ಅನ್ನುವ, ಬರಹ ಬರೆದು ತಿದ್ದುವ ತಂತ್ರಾಂಶವನ್ನು ಟೇಪಿಗೆ ತುಂಬಿ 150 ಡಾಲರ್‌ಗೆ ಮಾರುತ್ತಿದ್ದರು, ಆದರೂ ಅದು ಫ್ರೀ ಸಾಫ್ಟ್‌ವೇರೇ. ವಾಟ್ಸ್‌ಆ್ಯಪ್‌ಗೆ ನಾವು ಒಂದು ಪೈಸೆ ಕೊಡುವುದಿಲ್ಲ, ಆದರೆ ಅದರ ಒಳಗನ್ನು ತಿದ್ದುವ ಹಕ್ಕು ನಮಗಿದೆಯಾ? ಇಲ್ಲ ಅಲ್ವಾ?

ಇಂಗ್ಲಿಷಿನವರ ಕಷ್ಟ ಬೇರೆ. ಅಲ್ಲಿ ಫ್ರೀ ಅನ್ನುವ ಒಂದೇ ಪದಕ್ಕೆ ಪುಕ್ಕಟೆ, ಸ್ವತಂತ್ರ ಎರಡೂ ಅರ್ಥ. ಈ ಗೊಂದಲ ತಪ್ಪಿಸಲೆಂದೇ 1998ರ ಫೆಬ್ರವರಿಯಲ್ಲಿ ಕ್ರಿಸ್ಟೀನ್ ಪೀಟರ್ಸನ್ ಎಂಬವರು ‘ಓಪನ್ ಸೋರ್ಸ್’ (ಎಲ್ಲರೂ ನೋಡಬಹುದಾದ ಮೂಲ ಕೋಡ್) ಎಂಬ ಹೆಸರು ಸೂಚಿಸಿದರು. ಕಂಪನಿಗಳಿಗೆ ಅದು ಹಿಡಿಸಿತು. ಸ್ಟಾಲ್ಮನ್ ಮಾತ್ರ ಒಪ್ಪಲಿಲ್ಲ, ಆ ಹೆಸರಿನಲ್ಲಿ ಸ್ವಾತಂತ್ರ್ಯದ ಮಾತೇ ಮರೆಯಾಗುತ್ತದೆ ಅನ್ನುವುದು ಅವರ ವಾದ. ಸುಮ್ನೆ ಹೆಸರಿಗೊಂದು ಜಗಳ ಅಂತ ತಳ್ಳಿಹಾಕುವವರು ಜಾಸ್ತಿ, ನನಗೆ ಹಾಗನ್ನಿಸುವುದಿಲ್ಲ. ‘ಗ್ನೂ/ಲಿನಕ್ಸ್’ ಅನ್ನಿ ಅಂತ ಅವರು ಪಟ್ಟು ಹಿಡಿದದ್ದರಲ್ಲೂ ನ್ಯಾಯವಿದೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ಕರ್ನೆಲ್, ಅಂದರೆ ಅದರ ತಿರುಳನ್ನು ಬರೆದಾಗ, ಕೋಡನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಕಂಪೈಲರ್, ನಮ್ಮ ಆದೇಶ ಕೇಳುವ ಶೆಲ್ ಮುಂತಾದ ಹೆಚ್ಚಿನ ಭಾಗಗಳನ್ನು ಗ್ನೂದವರು ಆಗಲೇ ಮಾಡಿಟ್ಟಿದ್ದರು. (ಮಾತಾಡುವಾಗ ಬರೀ ಲಿನಕ್ಸ್ ಅಂದರೆ ನನ್ನ ತಕರಾರಿಲ್ಲ, ನಾಲಿಗೆಗೆ ಅದೇ ಸುಲಭ.)

ನಮಗೆ ಆ ಕಷ್ಟವೇ ಇಲ್ಲ. ಉಚಿತ ಬೇರೆ, ಸ್ವತಂತ್ರ ಬೇರೆ ಅಂತ ಕನ್ನಡದ ಯಾವ ಮಗುವಿಗೂ ಗೊತ್ತು. ಪಕ್ಕದ ಕೇರಳದವರು ತಮ್ಮ ಗುಂಪಿಗೆ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಅಂತಲೇ ಹೆಸರಿಟ್ಟರು. ನಮ್ಮಲ್ಲಿ ‘ಮುಕ್ತ ತಂತ್ರಾಂಶ’ ಅನ್ನುವುದೂ ಇದೆ. ಉಚಿತಕ್ಕಿಂತ ಅದು ಎಷ್ಟೋ ವಾಸಿ, ಆದರೆ ಓಪನ್ ಸೋರ್ಸಿಗೂ ಅದನ್ನೇ ಬಳಸುವುದರಿಂದ ಎರಡೂ ಕಲಸಿಹೋಗುತ್ತವೆ.

ಮುಂದಿನ ಸಲ ‘ಸ್ವತಂತ್ರ ತಂತ್ರಾಂಶ’ ಅಂತ ಅಚ್ಚುಮಾಡಿ. ಆ ಪುಟವನ್ನು ಕತ್ತರಿಸಿಕೊಂಡು ಅದೇ ಶಾಲೆಗೆ ಇನ್ನೊಮ್ಮೆ ಹೋಗುತ್ತೇನೆ.

ಇಂತಿ,
ನಿಮ್ಮ ಓದುಗ